ಡಿಜಿಟಲ್ ಕ್ಯಾಮೆರಾದ ರೀಚಾರ್ಜಬಲ್ ಬ್ಯಾಟರಿ: ಆಯ್ಕೆ ಮತ್ತು ಆರೈಕೆ

ಡಿಜಿಟಲ್ ಕ್ಯಾಮೆರಾದ ರೀಚಾರ್ಜಬಲ್ ಬ್ಯಾಟರಿಯು ಕ್ಯಾಮೆರಾದ ಸಂವೇದಕ, ಪರದೆ, ಲೆನ್ಸಿನ ಮೋಟಾರು ಮತ್ತು ಮೆಮೊರಿ ಕಾರ್ಡಿಗೆ ವಿದ್ಯುತ್ ಒದಗಿಸುವ, ಬರಿದಾದ ಮೇಲೆ ಹೊರಗಿನಿಂದ ವಿದ್ಯುತ್ ಹರಿಸಿ ಮತ್ತೆ ತುಂಬಿಸಬಹುದಾದ ರಾಸಾಯನಿಕ ಶಕ್ತಿಮೂಲ. ಈ ಲೇಖನದಲ್ಲಿ ವಿದ್ಯುತ್ ಉತ್ಪಾದಿಸುವ ಒಂದು ಬಿಡಿ ಘಟಕವನ್ನು ಸೆಲ್ ಎಂದೂ, ಒಂದು ಅಥವಾ ಹೆಚ್ಚು ಸೆಲ್‌ಗಳನ್ನು ಒಂದೇ ಕವಚದೊಳಗೆ ಜೋಡಿಸಿದ್ದನ್ನು ಬ್ಯಾಟರಿ ಎಂದೂ, ಒಮ್ಮೆ ತುಂಬಿಸಿ ಬರಿದು ಮಾಡುವ ಒಂದು ಸುತ್ತನ್ನು ಆವರ್ತ ಎಂದೂ ಕರೆಯಲಾಗಿದೆ. ಇಂದು ಬಳಕೆಯಲ್ಲಿರುವ ಮುಖ್ಯ ಬಗೆಗಳು ಎರಡು: ಕ್ಯಾಮೆರಾ ತಯಾರಕರು ತಮ್ಮ ಮಾದರಿಗೆಂದೇ ರೂಪಿಸಿದ ಲಿಥಿಯಂ-ಅಯಾನ್ ಬ್ಯಾಟರಿ, ಮತ್ತು ಎಎ ಗಾತ್ರದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್.

ಬ್ಯಾಟರಿ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸಾಮರ್ಥ್ಯದ ಸಂಖ್ಯೆಯತ್ತ. ಆ ಸಂಖ್ಯೆ ಹೆಚ್ಚಿದ್ದಷ್ಟೂ ಬ್ಯಾಟರಿ ಒಳ್ಳೆಯದು ಎಂಬ ಎಣಿಕೆ ವ್ಯಾಪಕವಾಗಿದೆ. ಆದರೆ ಒಂದು ಬ್ಯಾಟರಿ ಎಷ್ಟು ಚಿತ್ರ ಕೊಡುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ನಿರ್ಧರಿಸುವ ಅಂಶಗಳು ಬೇರೆ: ಅದರ ರಾಸಾಯನಿಕ ಬಗೆ ಕ್ಯಾಮೆರಾಕ್ಕೆ ಹೊಂದುತ್ತದೆಯೇ, ಅದು ಎಷ್ಟು ಶಾಖ ಉಂಡಿದೆ, ಬಳಸದೆ ಇಟ್ಟಾಗ ಎಷ್ಟು ತುಂಬಿತ್ತು. ಆಯ್ಕೆ ಮತ್ತು ಆರೈಕೆ ಎರಡಕ್ಕೂ ಬುಡವಾಗಿರುವುದು ಸೆಲ್ಲಿನ ಒಳಗಿನ ರಸಾಯನವೇ. ಆದ್ದರಿಂದ ಎರಡನ್ನೂ ಒಟ್ಟಿಗೆ ತಿಳಿಯಬೇಕಾಗುತ್ತದೆ.

ಉಗಮ ಮತ್ತು ಬೆಳವಣಿಗೆ

ಮತ್ತೆ ತುಂಬಿಸಬಹುದಾದ ಮೊದಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ ಮತ್ತು ಆಮ್ಲದಿಂದ ರೂಪಿಸಿದ. ಅದು ಭಾರವಾದ್ದರಿಂದ ಕೈಯಲ್ಲಿ ಹಿಡಿಯುವ ಸಾಧನಗಳಿಗೆ ಒಗ್ಗಲಿಲ್ಲ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ನಿಕಲ್-ಕ್ಯಾಡ್ಮಿಯಂ ಸೆಲ್ ರೂಪಿಸಿದ ಮೇಲೆ ಹಗುರ ಬ್ಯಾಟರಿಗಳ ದಾರಿ ತೆರೆಯಿತು. ಡಿಜಿಟಲ್ ಕ್ಯಾಮೆರಾದ ಚರಿತ್ರೆಯೂ ಇದೇ ಸೆಲ್ಲಿನಿಂದ ಮೊದಲಾಗುತ್ತದೆ. ಕೊಡ್ಯಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಜೋಡಿಸಿದ ಪ್ರಾಯೋಗಿಕ ಡಿಜಿಟಲ್ ಕ್ಯಾಮೆರಾದಲ್ಲಿ 16 ನಿಕಲ್-ಕ್ಯಾಡ್ಮಿಯಂ ಸೆಲ್‌ಗಳಿದ್ದವು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು.

ಕ್ಯಾಡ್ಮಿಯಂ ವಿಷಕಾರಿ ಲೋಹ. ಅದರ ಜಾಗದಲ್ಲಿ ಹೈಡ್ರೋಜನ್ ಹೀರುವ ಮಿಶ್ರಲೋಹವನ್ನಿಟ್ಟ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ 1980ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ಲಿಥಿಯಂ-ಅಯಾನ್ ಬ್ಯಾಟರಿಯ ಹಿಂದೆ ಹಲವರ ದುಡಿಮೆಯಿದೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಇದರ ಮೂಲ ತತ್ತ್ವವನ್ನು ತೋರಿಸಿದರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದ ಜಾನ್ ಗುಡ್‌ಇನಫ್ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಬಳಸಿ ವೋಲ್ಟೇಜನ್ನು ಗಣನೀಯವಾಗಿ ಏರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲೋಹರೂಪದ ಲಿಥಿಯಂ ಬಿಟ್ಟು ಇಂಗಾಲದ ವಸ್ತುವನ್ನು ಬಳಸಿ ಸುರಕ್ಷಿತ ಮಾದರಿಯನ್ನು ಕಟ್ಟಿದರು. ಈ ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಸೋನಿ ಸಂಸ್ಥೆ 1991ರಲ್ಲಿ ಈ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಮೊದಲ ಬಳಕೆಗಳಲ್ಲಿ ಕೈಯಲ್ಲಿ ಹಿಡಿಯುವ ವೀಡಿಯೊ ಕ್ಯಾಮೆರಾವೂ ಒಂದು.

2000ರ ಆಸುಪಾಸಿನ ಅನೇಕ ಡಿಜಿಟಲ್ ಕ್ಯಾಮೆರಾಗಳು ಎಎ ಸೆಲ್ ಮೇಲೆಯೇ ನಡೆಯುತ್ತಿದ್ದವು. ಕೆನಾನಿನ ಪವರ್‌ಶಾಟ್ ಎ ಸರಣಿ, ನಿಕಾನಿನ ಕೂಲ್‌ಪಿಕ್ಸ್ 950 ಇದಕ್ಕೆ ಉದಾಹರಣೆಗಳು. ಆ ಕಾಲದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳಿಗೆ ಒಂದು ದೊಡ್ಡ ಕೊರತೆಯಿತ್ತು: ಬಳಸದೆ ಇಟ್ಟರೂ ಕೆಲವೇ ವಾರಗಳಲ್ಲಿ ತಾವಾಗಿಯೇ ಗಣನೀಯ ಚಾರ್ಜನ್ನು ಕಳೆದುಕೊಳ್ಳುತ್ತಿದ್ದವು. ಸಾನ್ಯೊ ಸಂಸ್ಥೆ 2005ರಲ್ಲಿ ಹೊರತಂದ ಎನೆಲೂಪ್ ಸೆಲ್ ಈ ಸ್ವಯಂ ವಿಸರ್ಜನೆಯನ್ನು ಬಹಳ ಮಟ್ಟಿಗೆ ತಗ್ಗಿಸಿತು. ಅಷ್ಟರಲ್ಲಿ ಕ್ಯಾಮೆರಾಗಳು ಲಿಥಿಯಂ-ಅಯಾನ್ ಕಡೆಗೆ ಹೊರಳಿದ್ದವು. ಆದರೂ ಬಿಡಿ ಫ್ಲ್ಯಾಶ್, ಮೈಕ್ ಮುಂತಾದ ಉಪಕರಣಗಳಲ್ಲಿ ಎಎ ಸೆಲ್ ಇಂದಿಗೂ ಉಳಿದಿದೆ.

ರಚನೆ ಮತ್ತು ಕಾರ್ಯವಿಧಾನ

ಯಾವುದೇ ಸೆಲ್ಲಿನಲ್ಲಿ ಧನ ವಿದ್ಯುದ್ವಾರ, ಋಣ ವಿದ್ಯುದ್ವಾರ, ಇವೆರಡರ ನಡುವೆ ಅಯಾನುಗಳನ್ನು ಸಾಗಿಸುವ ವಿದ್ಯುದ್ವಿಭಾಜ್ಯ, ಮತ್ತು ಎರಡೂ ಒಂದಕ್ಕೊಂದು ತಾಗದಂತೆ ತಡೆಯುವ ತೆಳು ಪರದೆ ಇರುತ್ತವೆ. ಲಿಥಿಯಂ-ಅಯಾನ್ ಸೆಲ್ಲಿನಲ್ಲಿ ಋಣ ವಿದ್ಯುದ್ವಾರ ಗ್ರಾಫೈಟಿನದು, ಧನ ವಿದ್ಯುದ್ವಾರ ಕೋಬಾಲ್ಟ್, ನಿಕಲ್, ಮ್ಯಾಂಗನೀಸ್ ಮುಂತಾದವುಗಳ ಲಿಥಿಯಂ ಆಕ್ಸೈಡಿನದು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಸೇರುತ್ತವೆ, ಬಳಸುವಾಗ ಮರಳುತ್ತವೆ. ಇದರ ಸರಾಸರಿ ವೋಲ್ಟೇಜು 3.6ರಿಂದ 3.7, ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್. ದೊಡ್ಡ ಕ್ಯಾಮೆರಾಗಳ ಬ್ಯಾಟರಿಯಲ್ಲಿ ಇಂಥ ಎರಡು ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಅದರ ಮೇಲೆ 7.2 ವೋಲ್ಟ್ ಎಂದು ಬರೆದಿರುತ್ತದೆ. ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲಿನ ವಿದ್ಯುದ್ವಿಭಾಜ್ಯ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ. ಅದರ ವೋಲ್ಟೇಜು 1.2.

ಕ್ಯಾಮೆರಾದ ಲಿಥಿಯಂ-ಅಯಾನ್ ಬ್ಯಾಟರಿಯ ಕವಚದೊಳಗೆ ಸೆಲ್‌ಗಳಲ್ಲದೆ ಒಂದು ರಕ್ಷಣಾ ಸರ್ಕಿಟ್ಟೂ ಇರುತ್ತದೆ. ಮಿತಿ ಮೀರಿ ತುಂಬಿದಾಗ, ಮಿತಿ ಮೀರಿ ಬರಿದಾದಾಗ, ಎರಡು ತುದಿಗಳು ಅಡ್ಡ ಸೇರಿದಾಗ ಅದು ಸಂಪರ್ಕವನ್ನು ಕಡಿಯುತ್ತದೆ. ಅನೇಕ ಬ್ಯಾಟರಿಗಳಲ್ಲಿ ಧನ, ಋಣ ತುದಿಗಳ ಜೊತೆಗೆ ಶಾಖ ಅಳೆಯುವ ತುದಿಯೊಂದು, ಉಳಿದ ಚಾರ್ಜು ಮತ್ತು ಗುರುತಿನ ಮಾಹಿತಿಯನ್ನು ಕ್ಯಾಮೆರಾಕ್ಕೆ ತಿಳಿಸುವ ಇನ್ನೊಂದು ತುದಿ ಇರುತ್ತವೆ. ಅಗ್ಗದ ಬ್ಯಾಟರಿಗಳ ಕೊರತೆ ಹೆಚ್ಚಾಗಿ ಅಡಗಿರುವುದು ಹೊರಗೆ ಕಾಣದ ಈ ಭಾಗದಲ್ಲಿ.

ಸೆಲ್ಲಿಗೆ ಮುಪ್ಪು ಎರಡು ದಾರಿಯಲ್ಲಿ ಬರುತ್ತದೆ. ಪ್ರತಿ ಆವರ್ತದಲ್ಲಿ ವಿದ್ಯುದ್ವಾರಗಳು ತುಸು ಹಿಗ್ಗಿ ಕುಗ್ಗುವುದರಿಂದ ಬರುವುದು ಬಳಕೆಯ ಮುಪ್ಪು. ಗ್ರಾಫೈಟಿನ ಮೇಲೆ ವಿದ್ಯುದ್ವಿಭಾಜ್ಯ ನಿಧಾನವಾಗಿ ವಿಘಟನೆಗೊಂಡು ಪೊರೆ ಕಟ್ಟುತ್ತ ಲಿಥಿಯಮನ್ನು ನುಂಗುವುದರಿಂದ ಬರುವುದು ಕಾಲದ ಮುಪ್ಪು. ಎರಡನೆಯದು ಬ್ಯಾಟರಿ ಬಳಸದೆ ಇಟ್ಟಾಗಲೂ ನಡೆಯುತ್ತಿರುತ್ತದೆ. ಶಾಖ ಮತ್ತು ಚಾರ್ಜಿನ ಮಟ್ಟ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು. ವರ್ಷಕ್ಕೆ ಕೆಲವು ಸಲ ಮಾತ್ರ ಕ್ಯಾಮೆರಾ ಹಿಡಿಯುವವರ ಬ್ಯಾಟರಿ ನೂರು ಆವರ್ತ ಕಾಣುವ ಮೊದಲೇ ಸೊರಗುವುದು ಈ ಕಾರಣದಿಂದ.

ಬಗೆಗಳು

ಲಿಥಿಯಂ-ಅಯಾನ್ ಬ್ಯಾಟರಿಯ ಬಲವಿರುವುದು ತೂಕಕ್ಕೆ ಹೋಲಿಸಿದರೆ ಅದು ಹಿಡಿಯುವ ಶಕ್ತಿಯಲ್ಲಿ. ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ ಸುಮಾರು 83 ಗ್ರಾಂ ತೂಗುತ್ತದೆ, 16.4 ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. 2000 ಮಿಲಿಆಂಪಿಯರ್-ಗಂಟೆಯ ನಾಲ್ಕು ಎಎ ಸೆಲ್‌ಗಳು 100 ಗ್ರಾಮಿಗೂ ಹೆಚ್ಚು ತೂಗಿ ಹಿಡಿಯುವುದು 9.6 ವ್ಯಾಟ್-ಗಂಟೆ ಮಾತ್ರ. ಈ ಅಂತರದಿಂದಾಗಿಯೇ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳೆಲ್ಲ ಲಿಥಿಯಮ್ಮನ್ನು ಆರಿಸಿಕೊಂಡವು. ಇದರ ಕೊರತೆ ಹೊಂದಾಣಿಕೆಯದು: ಪ್ರತಿ ತಯಾರಕರ, ಅನೇಕ ವೇಳೆ ಪ್ರತಿ ಸರಣಿಯ ಬ್ಯಾಟರಿಯ ಆಕಾರವೇ ಬೇರೆ. ಕ್ಯಾಮೆರಾ ಹಳತಾದಂತೆ ಅದರ ಬ್ಯಾಟರಿಯೂ ಸಿಗುವುದು ದುಸ್ತರವಾಗುತ್ತದೆ.

ನಿಕಲ್-ಮೆಟಲ್ ಹೈಡ್ರೈಡ್ ಎಎ ಸೆಲ್, ಅಂದರೆ ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಎಂದು ಕೇಳಿದರೆ ಕೊಡುವ ಗಾತ್ರದ್ದು, ಎಲ್ಲೆಡೆ ಸಿಗುತ್ತದೆ ಮತ್ತು ಹಲವು ಸಾಧನಗಳಿಗೆ ಹೊಂದುತ್ತದೆ. ಇದರ ವೋಲ್ಟೇಜು 1.2 ಮಾತ್ರ ಇರುವುದರಿಂದ 1.5 ವೋಲ್ಟಿನ ಆಲ್ಕಲೈನ್ ಸೆಲ್ಲೇ ಮೇಲು ಎಂಬ ಆಕ್ಷೇಪವುಂಟು. ಆದರೆ ಆಲ್ಕಲೈನ್ ಸೆಲ್ಲಿನ ಆಂತರಿಕ ರೋಧ ಹೆಚ್ಚು. ಫ್ಲ್ಯಾಶ್ ತುಂಬಿಕೊಳ್ಳುವಾಗ, ಜೂಮ್ ತಿರುಗುವಾಗ ಕ್ಯಾಮೆರಾ ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಎಳೆದರೆ ಅದರ ವೋಲ್ಟೇಜು ಕುಸಿಯುತ್ತದೆ. ಸೆಲ್ಲಿನಲ್ಲಿ ಶಕ್ತಿ ಉಳಿದಿದ್ದರೂ ಕ್ಯಾಮೆರಾ ನಿಂತುಹೋಗುತ್ತದೆ. ನಿಕಲ್-ಮೆಟಲ್ ಹೈಡ್ರೈಡ್ ಸೆಲ್ ಅಂಥ ಹೊರೆಯಲ್ಲೂ ತನ್ನ ವೋಲ್ಟೇಜನ್ನು ಬಹುಮಟ್ಟಿಗೆ ಕೊನೆಯವರೆಗೆ ಉಳಿಸಿಕೊಳ್ಳುತ್ತದೆ. ಲೇಬಲ್ಲಿನ ಸಂಖ್ಯೆಗಿಂತ ಹೊರೆಯಡಿಯ ನಡತೆ ಮುಖ್ಯ ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ಇದೇ ಬಗೆಯ ಒಳಗೇ ಸಿಗುತ್ತದೆ. ಎನೆಲೂಪಿನ ಸಾಮಾನ್ಯ ಎಎ ಸೆಲ್ಲಿನ ಸಾಮರ್ಥ್ಯ ಸುಮಾರು 2000 ಮಿಲಿಆಂಪಿಯರ್-ಗಂಟೆ. ಅದರ ನಾಲ್ಕನೆಯ ತಲೆಮಾರಿಗೆ ತಯಾರಕರು ಹೇಳಿದ ಆಯುಷ್ಯ 2100 ಆವರ್ತ. ಅದೇ ಗಾತ್ರದಲ್ಲಿ 2500ರಷ್ಟು ಸಾಮರ್ಥ್ಯ ತುಂಬಿದ ಪ್ರೊ ಮಾದರಿಗೆ ಹೇಳಿದ ಆಯುಷ್ಯ 500 ಆವರ್ತ. ಕವಚದ ಗಾತ್ರ ಬದಲಾಗದಿರುವಾಗ ಹೆಚ್ಚು ಸಕ್ರಿಯ ವಸ್ತುವಿಗೆ ಜಾಗ ಮಾಡಬೇಕಾದರೆ ಸೆಲ್ಲನ್ನು ಗಟ್ಟಿಮುಟ್ಟಾಗಿಡುವ ಇತರ ಭಾಗಗಳು ತೆಳುವಾಗಬೇಕಾಗುತ್ತದೆ. ಕಾಲುಭಾಗದಷ್ಟು ಹೆಚ್ಚು ಸಾಮರ್ಥ್ಯಕ್ಕೆ ತೆರುವ ಬೆಲೆ ಆಯುಷ್ಯದ ಮುಕ್ಕಾಲು ಭಾಗ. ಒಂದೇ ಸಮಾರಂಭದಲ್ಲಿ ನಿರಂತರ ಫ್ಲ್ಯಾಶ್ ಹಾರಿಸುವವರಿಗೆ ಆ ಬೆಲೆ ಸರಿಯೆನಿಸಬಹುದು. ಉಳಿದವರಿಗೆ ಸಾಮಾನ್ಯ ಸೆಲ್ಲೇ ಲಾಭಕರ. ಎಎ ಗಾತ್ರದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲಿನ ಮೇಲೆ 3000ಕ್ಕಿಂತ ಹೆಚ್ಚಿನ ಸಂಖ್ಯೆ ಕಂಡರೆ ಅದನ್ನು ನಂಬಬಾರದು.

ಎಎ ಗಾತ್ರದಲ್ಲೇ ದೊರೆಯುವ ಇನ್ನೆರಡು ಬಗೆಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು. 14500 ಎಂಬ ಸಂಖ್ಯೆಯಿರುವ ಲಿಥಿಯಂ-ಅಯಾನ್ ಸೆಲ್ ಹೊರನೋಟಕ್ಕೆ ಎಎ ಸೆಲ್ಲಿನಂತೆಯೇ ಇದ್ದರೂ ಅದರ ವೋಲ್ಟೇಜು 3.7. ಅದನ್ನು ಎಎ ಕ್ಯಾಮೆರಾಕ್ಕೆ ಹಾಕಿದರೆ ಕ್ಯಾಮೆರಾ ಸುಟ್ಟುಹೋಗಬಹುದು. ಒಳಗೆ ಲಿಥಿಯಂ ಸೆಲ್ ಮತ್ತು ವೋಲ್ಟೇಜನ್ನು 1.5ಕ್ಕೆ ಇಳಿಸುವ ಸರ್ಕಿಟ್ ಇರುವ ಎಎ ಬ್ಯಾಟರಿಗಳೂ ಬಂದಿವೆ. ಇವುಗಳ ವೋಲ್ಟೇಜು ಕೊನೆಯವರೆಗೂ ಒಂದೇ ಸಮನಿದ್ದು ಥಟ್ಟನೆ ನಿಲ್ಲುವುದರಿಂದ ಕ್ಯಾಮೆರಾದ ಬ್ಯಾಟರಿ ಸೂಚಕ ಮುನ್ಸೂಚನೆ ಕೊಡಲಾರದು.

ಆಯ್ಕೆಯ ಅಳತೆಗಳು

ಬೇರೆ ಬೇರೆ ವೋಲ್ಟೇಜಿನ ಬ್ಯಾಟರಿಗಳನ್ನು ಮಿಲಿಆಂಪಿಯರ್-ಗಂಟೆಯಲ್ಲಿ ಹೋಲಿಸುವುದು ತಪ್ಪು ಲೆಕ್ಕ. ಸರಿಯಾದ ಅಳತೆ ವ್ಯಾಟ್-ಗಂಟೆ: ವೋಲ್ಟೇಜನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದು ದೊರೆಯುತ್ತದೆ. 2280 ಮಿಲಿಆಂಪಿಯರ್-ಗಂಟೆಯ 7.2 ವೋಲ್ಟಿನ ಬ್ಯಾಟರಿ, 2500ರ ಎಎ ಸೆಲ್ಲಿಗಿಂತ ಸಂಖ್ಯೆಯಲ್ಲಿ ಕಿರಿದಾಗಿ ಕಂಡರೂ ಶಕ್ತಿಯಲ್ಲಿ ಐದು ಪಟ್ಟಿಗಿಂತ ಹೆಚ್ಚು.

ಒಂದು ಚಾರ್ಜಿಗೆ ಎಷ್ಟು ಚಿತ್ರ ಎಂಬುದನ್ನು ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾ ರೂಪಿಸಿದ ಮಾನಕದಂತೆ ಅಳೆಯಲಾಗುತ್ತದೆ. ಪರದೆಯಿರುವ ಕ್ಯಾಮೆರಾದಲ್ಲಿ 30 ಸೆಕೆಂಡಿಗೊಂದರಂತೆ ಚಿತ್ರ ತೆಗೆದು, ಫ್ಲ್ಯಾಶ್ ಇದ್ದರೆ ಅರ್ಧದಷ್ಟು ಚಿತ್ರಗಳಿಗೆ ಅದನ್ನು ಹಾರಿಸಿ, ನಡುನಡುವೆ ಕ್ಯಾಮೆರಾ ಆರಿಸಿ ಹಚ್ಚುವ ಕ್ರಮವಿದು. ಈ ಮಾನಕದಂತೆ ಕನ್ನಡಿಯುಳ್ಳ ನಿಕಾನ್ ಡಿ850 ಕ್ಯಾಮೆರಾಕ್ಕೆ 1840 ಚಿತ್ರ, ಮಿರರ್‌ಲೆಸ್ ಸೋನಿ ಎ7-3ಕ್ಕೆ ಪರದೆ ಬಳಸಿದರೆ 710, ವ್ಯೂಫೈಂಡರ್ ಬಳಸಿದರೆ 610. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸಂವೇದಕ ಮತ್ತು ಪರದೆ ಸದಾ ಉರಿಯುತ್ತಿರಬೇಕಾದ್ದರಿಂದ ಸಂಖ್ಯೆ ಕಡಿಮೆ. ಒಂದೇ ಬಾರಿಗೆ ಸಾಲಾಗಿ ಹಲವು ಚಿತ್ರ ತೆಗೆಯುವವರಿಗೆ ಈ ಸಂಖ್ಯೆಗಿಂತ ಎಷ್ಟೋ ಹೆಚ್ಚು ಸಿಗುವುದರಿಂದ ಮಾನಕವೇ ವ್ಯರ್ಥ ಎನ್ನುವವರಿದ್ದಾರೆ. ಹಾಗೆನ್ನಲಾಗದು: ಒಂದೇ ವಿಧಾನದಿಂದ ಅಳೆದದ್ದರಿಂದ ಒಂದು ಕ್ಯಾಮೆರಾವನ್ನು ಇನ್ನೊಂದರೊಡನೆ ಹೋಲಿಸಲು ಅದು ನೆರವಾಗುತ್ತದೆ, ವೈಯಕ್ತಿಕ ಬಳಕೆಯನ್ನು ಮುನ್ನುಡಿಯುವುದು ಅದರ ಉದ್ದೇಶವಲ್ಲ.

ಹೊಂದಾಣಿಕೆಯನ್ನು ಆಕಾರದಿಂದಷ್ಟೇ ತೀರ್ಮಾನಿಸಬಾರದು. ಕೆನಾನಿನ ಎಲ್‌ಪಿ-ಇ6 ಕುಟುಂಬದ ಬ್ಯಾಟರಿಗಳೆಲ್ಲ ಒಂದೇ ಆಕಾರದವು. ಆದರೂ 2008ರ ಮೂಲ ಎಲ್‌ಪಿ-ಇ6 ಅನ್ನು ಇಒಎಸ್ ಆರ್ ಕ್ಯಾಮೆರಾದೊಳಗೇ ಯುಎಸ್‌ಬಿ ಮೂಲಕ ಚಾರ್ಜ್ ಮಾಡಲಾಗದು. ಅದಕ್ಕೆ ಅನಂತರದ ಮಾದರಿ ಬೇಕು. 2024ರ ಇಒಎಸ್ ಆರ್5 ಮಾರ್ಕ್ 2 ಕ್ಯಾಮೆರಾದಲ್ಲಿ ಹಳೆಯ ಬ್ಯಾಟರಿ ಹಾಕಿದರೆ ಕೆಲವು ಸೌಲಭ್ಯಗಳು ಸಿಗುವುದಿಲ್ಲ. ನಿಕಾನ್ ಝಡ್6 ಮತ್ತು ಝಡ್7 ಕ್ಯಾಮೆರಾಗಳೂ ಹೀಗೆಯೇ: ಒಳಗೇ ಚಾರ್ಜ್ ಆಗಲು ಇಎನ್-ಇಎಲ್15ಬಿ ಅಥವಾ ಅದರ ನಂತರದ ಮಾದರಿ ಇರಬೇಕು.

ತಯಾರಕರ ಸ್ವಂತ ಬ್ಯಾಟರಿ ದುಬಾರಿ. ಇತರ ಸಂಸ್ಥೆಗಳದು ಅದರ ಒಂದು ಭಾಗದ ಬೆಲೆಗೆ ಸಿಗುತ್ತದೆ. ಅಷ್ಟು ಹಣದಲ್ಲಿ ಎರಡು ಮೂರು ಕೊಳ್ಳಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದರಲ್ಲೂ ಹೆಸರುವಾಸಿ ಸಂಸ್ಥೆಗಳ ಬ್ಯಾಟರಿಗಳು ಎಷ್ಟೋ ಬಳಕೆದಾರರಿಗೆ ತೃಪ್ತಿ ತಂದಿವೆ. ಆದರೆ ಬೆಲೆಯ ಹೋಲಿಕೆಯಲ್ಲಿ ಮೂರು ಸಂಗತಿಗಳನ್ನು ಸೇರಿಸಲೇಬೇಕು: ರಕ್ಷಣಾ ಸರ್ಕಿಟ್ ಮತ್ತು ಶಾಖಮಾಪಕದ ಗುಣಮಟ್ಟ, ಲೇಬಲ್ಲಿನ ಸಂಖ್ಯೆಯ ಸತ್ಯಾಂಶ, ಮುಂದೆ ಕ್ಯಾಮೆರಾದ ಫರ್ಮ್‌ವೇರ್ ಬದಲಾದಾಗ ಬ್ಯಾಟರಿ ತಿರಸ್ಕೃತವಾಗುವ ಸಾಧ್ಯತೆ. ಭಾರತದಲ್ಲಿ ಮಾರುವ ಲಿಥಿಯಂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯ. ಆ ಗುರುತು ಮತ್ತು ನೋಂದಣಿ ಸಂಖ್ಯೆ ಇಲ್ಲದ ಬ್ಯಾಟರಿಯನ್ನು ಎಷ್ಟೇ ಅಗ್ಗವಾದರೂ ಬಿಡಬೇಕು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ತಯಾರಕರದೇ ಹೆಸರು ಹೊತ್ತ ನಕಲಿ. ಸ್ವಂತ ಹೆಸರಿನಲ್ಲಿ ಮಾರುವ ಸಂಸ್ಥೆಯನ್ನು ಪ್ರಶ್ನಿಸಬಹುದು. ನಕಲಿಗೆ ಹೊಣೆಗಾರರೇ ಇರುವುದಿಲ್ಲ.

ಚಾರ್ಜ್ ಮಾಡುವ ಕ್ರಮ

ಲಿಥಿಯಂ-ಅಯಾನ್ ಚಾರ್ಜರ್ ಮೊದಲು ಸ್ಥಿರ ಪ್ರವಾಹವನ್ನು ಹರಿಸುತ್ತದೆ, ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ಪ್ರವಾಹವನ್ನು ತಗ್ಗಿಸುತ್ತ ನಿಲ್ಲಿಸುತ್ತದೆ. ಕೊನೆಯ ಹಂತ ನಿಧಾನವಾಗುವುದು ಈ ಕಾರಣಕ್ಕೆ. ಕ್ಯಾಮೆರಾ ಕೈಪಿಡಿಗಳು ಸಾಮಾನ್ಯವಾಗಿ 5ರಿಂದ 35 ಅಥವಾ 40 ಡಿಗ್ರಿ ಸೆಲ್ಸಿಯಸ್ ನಡುವೆ ಚಾರ್ಜ್ ಮಾಡಲು ಸೂಚಿಸುತ್ತವೆ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನೊಳಗೆ ಸೇರದೆ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ. ಅದರಿಂದ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುವುದಲ್ಲದೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಬಿಸಿಲಲ್ಲಿ ದುಡಿದು ಬಂದ ಬಿಸಿ ಬ್ಯಾಟರಿಯನ್ನು ತಣಿಸಿದ ಮೇಲೆಯೇ ಚಾರ್ಜರಿಗೆ ಹಾಕಬೇಕು.

ಪ್ರತಿ ಸಲವೂ ಪೂರ್ತಿ ಬರಿದು ಮಾಡಿ ಆಮೇಲೆ ತುಂಬಬೇಕೆಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಅದು ಹುಟ್ಟಿದ್ದು ನಿಕಲ್-ಕ್ಯಾಡ್ಮಿಯಂ ಕಾಲದಲ್ಲಿ. ಒಂದೇ ಮಟ್ಟದವರೆಗೆ ಮತ್ತೆ ಮತ್ತೆ ಬಳಸಿ ತುಂಬಿದಾಗ ಆ ಸೆಲ್‌ಗಳ ವೋಲ್ಟೇಜು ಅದೇ ಮಟ್ಟದಲ್ಲಿ ಕುಸಿಯುವುದುಂಟು. ಇದಕ್ಕೆ ನೆನಪಿನ ಪರಿಣಾಮ ಎಂದು ಹೆಸರು. ನಿಕಲ್-ಮೆಟಲ್ ಹೈಡ್ರೈಡಿನಲ್ಲಿ ಇದರ ಸಣ್ಣ ರೂಪವೊಂದು ಕಾಣಿಸಿದರೆ ಚಾರ್ಜರಿನ ಪುನಶ್ಚೇತನ ಸೌಲಭ್ಯದಿಂದ ಆಗಾಗ ಸರಿಪಡಿಸಬಹುದು. ಲಿಥಿಯಂ-ಅಯಾನಿಗೆ ಈ ಉಪಚಾರ ಬೇಕಿಲ್ಲ, ಅಷ್ಟೇ ಅಲ್ಲ, ಹಾನಿಕರ. ಆಳಕ್ಕೆ ಬರಿದಾದಷ್ಟೂ ಅದರ ಬಳಕೆಯ ಮುಪ್ಪು ವೇಗವಾಗುತ್ತದೆ. ಅರ್ಧಕ್ಕೆ ಇಳಿದಾಗ ತುಂಬಿಸುವುದರಲ್ಲಿ ತಪ್ಪೇನೂ ಇಲ್ಲ.

ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲಿಗೆ ಚಾರ್ಜರಿನ ಆಯ್ಕೆ ಸೆಲ್ಲಿನ ಆಯ್ಕೆಯಷ್ಟೇ ಮುಖ್ಯ. ತುಂಬಿದ ಕ್ಷಣದಲ್ಲಿ ಇದರ ವೋಲ್ಟೇಜು ಕೆಲವು ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಜಾಣ ಚಾರ್ಜರ್ ಅದನ್ನು ಗುರುತಿಸಿ ನಿಲ್ಲುತ್ತದೆ. ಗಡಿಯಾರದ ಮೇಲಷ್ಟೇ ನಡೆಯುವ ಅಗ್ಗದ ಚಾರ್ಜರಿಗೆ ಅದು ತಿಳಿಯದು. ಅರ್ಧ ತುಂಬಿದ ಸೆಲ್ಲನ್ನೂ ಪೂರ್ತಿ ಅವಧಿ ಕಾಯಿಸುತ್ತದೆ. ಎರಡು ಸೆಲ್‌ಗಳನ್ನು ಜೋಡಿಯಾಗಿ ಮಾತ್ರ ತುಂಬುವ ಚಾರ್ಜರಿನಲ್ಲಿ ಒಂದು ಅತಿಯಾಗಿ ತುಂಬಿ ಇನ್ನೊಂದು ಅರೆಯಾಗಿ ಉಳಿಯಬಹುದು. ಆದ್ದರಿಂದ ಪ್ರತಿ ಸೆಲ್ಲನ್ನೂ ಬೇರೆಯಾಗಿ ಗಮನಿಸುವ ಚಾರ್ಜರ್ ಲೇಸು. ಕ್ಯಾಮೆರಾದಲ್ಲೂ ಒಂದೇ ತಯಾರಿಕೆಯ, ಒಂದೇ ವಯಸ್ಸಿನ ಸೆಲ್‌ಗಳನ್ನೇ ಗುಂಪಾಗಿ ಬಳಸಬೇಕು. ಒಂದು ದುರ್ಬಲವಿದ್ದರೆ ಉಳಿದವು ಅದನ್ನು ತಿರುಗುಮುರುಗಾಗಿ ಚಾರ್ಜ್ ಮಾಡಿ ಕೆಡಿಸುತ್ತವೆ.

ಬಳಕೆ ಮತ್ತು ಸಂಗ್ರಹ

ಸಂಗ್ರಹದ ಕ್ರಮವೇ ಆಯುಷ್ಯದ ಬಹುಪಾಲನ್ನು ನಿರ್ಧರಿಸುತ್ತದೆ. ಲಿಥಿಯಂ-ಅಯಾನ್ ಬಗ್ಗೆ ವ್ಯಾಪಕವಾಗಿ ಉಲ್ಲೇಖವಾಗುವ ಅಂಕಿಗಳಂತೆ, ಶೇ. 40ರಷ್ಟು ಚಾರ್ಜಿನಲ್ಲಿ 25 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದು ವರ್ಷ ಇಟ್ಟ ಸೆಲ್ಲಿನ ಸಾಮರ್ಥ್ಯ ಶೇ. 96ರಷ್ಟು ಉಳಿದರೆ, ಪೂರ್ತಿ ತುಂಬಿ ಇಟ್ಟದ್ದರಲ್ಲಿ ಶೇ. 80 ಉಳಿಯುತ್ತದೆ. 40 ಡಿಗ್ರಿಯಲ್ಲಿ ಪೂರ್ತಿ ತುಂಬಿ ಇಟ್ಟರೆ ಶೇ. 65. ಸೆಲ್ಲಿನ ರಚನೆಗೆ ತಕ್ಕಂತೆ ಈ ಅಂಕಿಗಳು ಬದಲಾದರೂ ಒಲವು ಒಂದೇ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಭಾಗದಲ್ಲಿ ನೆರಳಿನ ತಾಪವೇ 40 ಡಿಗ್ರಿ ದಾಟುತ್ತದೆ; ಬಿಸಿಲಲ್ಲಿ ನಿಂತ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಕ್ಯಾಮೆರಾ ಚೀಲವನ್ನು ಕಾರಿನಲ್ಲೇ ಬಿಡುವ ಅಭ್ಯಾಸ ಬ್ಯಾಟರಿಗೆ ನೂರಾರು ಚಿತ್ರ ತೆಗೆಯುವುದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು.

ಹೀಗಿದ್ದರೆ ಬ್ಯಾಟರಿ ಎಂದೂ ಪೂರ್ತಿ ತುಂಬಿರಬಾರದೇ, ಅವಸರಕ್ಕೆ ಸಿದ್ಧವಿರಬೇಡವೇ ಎಂದು ಕೇಳಬಹುದು. ವಾರದೊಳಗೆ ಬಳಸುವ ಬ್ಯಾಟರಿಯನ್ನು ಪೂರ್ತಿ ತುಂಬಿ ಇಡುವುದರಿಂದ ಗಮನಾರ್ಹ ನಷ್ಟವಿಲ್ಲ. ತಿಂಗಳುಗಟ್ಟಲೆ ಮುಟ್ಟದೆ ಇಡುವ ಬ್ಯಾಟರಿಗೆ ಮಾತ್ರ ಅರ್ಧದಷ್ಟು ಚಾರ್ಜು, ತಂಪಾದ ಒಣ ಜಾಗ ಬೇಕು. ಹಾಗೆಂದು ಪೂರ್ತಿ ಬರಿದು ಮಾಡಿಯೂ ಇಡಬಾರದು: ಸ್ವಯಂ ವಿಸರ್ಜನೆಯಿಂದ ವೋಲ್ಟೇಜು ಮತ್ತೂ ಇಳಿದರೆ ರಕ್ಷಣಾ ಸರ್ಕಿಟ್ ಸೆಲ್ಲನ್ನು ಕಡಿದು ಹಾಕುತ್ತದೆ, ಚಾರ್ಜರ್ ಅದನ್ನು ಗುರುತಿಸದಿರಬಹುದು. ಕೆಲವು ತಿಂಗಳಿಗೊಮ್ಮೆ ನೋಡಿ ತುಸು ತುಂಬಿಸುವುದು ಒಳಿತು. ಫ್ರಿಜ್‌ನಲ್ಲಿಡುವವರು ತೇವದ ಬಗ್ಗೆ ಎಚ್ಚರವಿರಬೇಕು; ಹೊರತೆಗೆದಾಗ ಮೈಮೇಲೆ ಕೂರುವ ನೀರಹನಿ ಲೋಹದ ತುದಿಗಳನ್ನು ಕೆಡಿಸುತ್ತದೆ.

ಹಿಮದ ನಾಡಿನಲ್ಲಿ ಸಮಸ್ಯೆ ಬೇರೆ. ಚಳಿಯಲ್ಲಿ ಅಯಾನುಗಳ ಚಲನೆ ನಿಧಾನವಾಗಿ ಆಂತರಿಕ ರೋಧ ಏರುತ್ತದೆ, ತುಂಬಿದ ಬ್ಯಾಟರಿಯೂ ಬೇಗ ಬರಿದಾದಂತೆ ತೋರುತ್ತದೆ. ಇದು ತಾತ್ಕಾಲಿಕ, ಬೆಚ್ಚಗಾದರೆ ಶಕ್ತಿ ಮರಳುತ್ತದೆ. ಲಡಾಖ್‌ನಂಥ ಕಡೆ ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡು ಅದಲುಬದಲು ಮಾಡುವ ರೂಢಿ ಇದನ್ನು ಆಧರಿಸಿದೆ. ಶಾಖದ ಹಾನಿ ಶಾಶ್ವತ, ಚಳಿಯ ಕುಂದು ತಾತ್ಕಾಲಿಕ ಎಂಬ ಈ ಭೇದವನ್ನು ನೆನಪಿಡಬೇಕು.

ಬ್ಯಾಟರಿಯ ಸ್ಥಿತಿಯನ್ನು ಅನೇಕ ಕ್ಯಾಮೆರಾಗಳೇ ತೋರಿಸುತ್ತವೆ. ನಿಕಾನಿನ ಮೆನುವಿನಲ್ಲಿ ಸೊನ್ನೆ ಹೊಸತನ್ನೂ 4 ಬದಲಿಸಬೇಕಾದದ್ದನ್ನೂ ಸೂಚಿಸುತ್ತದೆ. ಕೆನಾನಿನಲ್ಲಿ ಮೂರು ಹಸಿರು ಪಟ್ಟಿ ಉತ್ತಮ ಸ್ಥಿತಿಯ ಗುರುತು. ಒಂದಕ್ಕಿಂತ ಹೆಚ್ಚು ಬ್ಯಾಟರಿ ಇದ್ದರೆ ಕೊಂಡ ದಿನಾಂಕವನ್ನೂ ಕ್ರಮಸಂಖ್ಯೆಯನ್ನೂ ಬರೆದಂಟಿಸಿ ಸರದಿಯಂತೆ ಬಳಸುವುದು ಒಳ್ಳೆಯ ಕ್ರಮ. ಎಲ್‌ಪಿ-ಇ6 ಬ್ಯಾಟರಿಯ ಮುಚ್ಚಳದಲ್ಲಿ ಒಂದು ಕಿಂಡಿಯಿದೆ. ಮುಚ್ಚಳವನ್ನು ಹಾಕುವ ದಿಕ್ಕಿನಂತೆ ಅದರಲ್ಲಿ ನೀಲಿ ಬಣ್ಣ ಕಾಣುತ್ತದೆ ಅಥವಾ ಮರೆಯಾಗುತ್ತದೆ. ತುಂಬಿದ್ದು ಯಾವುದು, ಬರಿದಾದದ್ದು ಯಾವುದು ಎಂದು ಬೇರ್ಪಡಿಸಲು ಇದು ನೆರವಾಗುತ್ತದೆ.

ಸುರಕ್ಷತೆ, ಸಾಗಣೆ ಮತ್ತು ವಿಲೇವಾರಿ

ಉಬ್ಬಿದ ಬ್ಯಾಟರಿಯೊಳಗೆ ಅನಿಲ ಸೇರಿದೆ ಎಂದರ್ಥ. ಅದನ್ನು ಬಳಸಬಾರದು, ಚುಚ್ಚಬಾರದು, ಒತ್ತಿ ಕ್ಯಾಮೆರಾದೊಳಗೆ ತುರುಕಬಾರದು. ಬಿಡಿ ಬ್ಯಾಟರಿಯ ತುದಿಗಳಿಗೆ ಕೀಲಿಕೈ, ನಾಣ್ಯ ತಾಗಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು; ಮುಚ್ಚಳ ಅಥವಾ ಬೇರೆ ಬೇರೆ ಡಬ್ಬಿ ಬಳಸಬೇಕು. ವಿಮಾನ ಪ್ರಯಾಣದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಒಪ್ಪಿಸುವ ಲಗೇಜಿನಲ್ಲಿ ಇಡುವಂತಿಲ್ಲ. 100 ವ್ಯಾಟ್-ಗಂಟೆಯವರೆಗಿನವಕ್ಕೆ ಸಾಮಾನ್ಯವಾಗಿ ಪೂರ್ವಾನುಮತಿ ಬೇಡ. 100ರಿಂದ 160ರ ನಡುವಿನವಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಕ್ಯಾಮೆರಾದ ಸಾಮಾನ್ಯ ಬ್ಯಾಟರಿಗಳು ಈ ಮಿತಿಗಿಂತ ಬಹಳ ಕೆಳಗಿವೆ.

ಸತ್ತ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕಿದರೆ ಕಸದ ಗಾಡಿಯಲ್ಲಿ ಜಜ್ಜಿ ಬೆಂಕಿಗೆ ಕಾರಣವಾಗಬಹುದು. ಅದರ ಲೋಹಗಳೂ ನಷ್ಟವಾಗುತ್ತವೆ. ಭಾರತದಲ್ಲಿ 2001ರ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗೆ ಸೀಮಿತವಾಗಿದ್ದವು. ಅವುಗಳ ಜಾಗದಲ್ಲಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಗ್ರಾಹಕರು ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು.

ಇಂದಿನ ಸ್ಥಿತಿ

ಕ್ಯಾಮೆರಾದೊಳಗೇ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಮಾಡುವುದು ಈಗ ಸಾಮಾನ್ಯವಾಗಿದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಡಿಜಿಟಲ್ ಕ್ಯಾಮೆರಾ ಸೇರಿದಂತೆ ಹಲವು ಸಾಧನಗಳಿಗೆ ಯುಎಸ್‌ಬಿ-ಸಿ ಕಿಂಡಿ ಕಡ್ಡಾಯ. ಅಲ್ಲಿನ 2023ರ ಬ್ಯಾಟರಿ ನಿಯಂತ್ರಣ ಶಾಸನದಂತೆ 2027ರ ಫೆಬ್ರವರಿ 18ರಿಂದ ಸಾಧನಗಳಲ್ಲಿನ ಸಣ್ಣ ಬ್ಯಾಟರಿಗಳು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಬ್ಯಾಟರಿ ತೆಗೆದು ಹಾಕುವ ಸೌಲಭ್ಯವನ್ನು ಮೊಬೈಲ್ ಫೋನುಗಳು ಬಹುಪಾಲು ಕೈಬಿಟ್ಟಿದ್ದರೂ ಗಂಭೀರ ಬಳಕೆಯ ಕ್ಯಾಮೆರಾಗಳು ಉಳಿಸಿಕೊಂಡಿವೆ.

ಅದೇ ಆಕಾರದ ಕವಚದಲ್ಲಿ ಸಾಮರ್ಥ್ಯ ನಿಧಾನವಾಗಿ ಏರುತ್ತಿದೆ: 2008ರ ಎಲ್‌ಪಿ-ಇ6 1800 ಮಿಲಿಆಂಪಿಯರ್-ಗಂಟೆಯದಾಗಿದ್ದರೆ, ಎಲ್‌ಪಿ-ಇ6ಎನ್‌ಎಚ್ 2130ರದು. ಇಷ್ಟು ವರ್ಷಗಳ ತಾಂತ್ರಿಕ ಪ್ರಗತಿ ತಂದ ಈ ಹೆಚ್ಚಳ ಶೇ. 20ನ್ನು ಮುಟ್ಟುವುದಿಲ್ಲ. ಪೂರ್ತಿ ತುಂಬಿ ಬಿಸಿ ಜಾಗದಲ್ಲಿ ಒಂದು ವರ್ಷ ಇಟ್ಟ ಬ್ಯಾಟರಿ ಅದಕ್ಕಿಂತ ಹೆಚ್ಚನ್ನು ಕಳೆದುಕೊಳ್ಳಬಲ್ಲದು. ಆದ್ದರಿಂದ ಹೊಂದುವ ಬಗೆಯನ್ನು ಆರಿಸಿ, ತಂಪಾಗಿಟ್ಟು, ದೀರ್ಘಕಾಲ ಇಡುವಾಗ ಅರೆ ತುಂಬಿಡುವುದರಿಂದ ಬಳಕೆದಾರರಿಗೆ ದೊರೆಯುವ ಲಾಭ, ಲೇಬಲ್ಲಿನ ದೊಡ್ಡ ಸಂಖ್ಯೆಯಿಂದ ದೊರೆಯುವ ಲಾಭಕ್ಕಿಂತ ಹೆಚ್ಚಿನದು.